ಒಡ್ಡು ಕಟ್ಟುವ ಮೊದಲು

ಕಳೆದ ವರ್ಷ ಎಂಜಿನಿಯರುಗಳ ದಿನಕ್ಕೆ ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ಇಂದಿನ ಯುವಜನರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಏನು ಹೇಳುತ್ತದೆ ಎಂಬುದು ವಿಷಯ. ಸಮಯ ಒಂದು ಗಂಟೆ. ವಿಷಯ ನೋಡಿ ನನಗೆ ಹಬ್ಬ. ಪೆನ್ನಿನ ಕ್ಯಾಪ್ ತೆಗೆದವನೇ ಬರೆಯಲು ಶುರು ಮಾಡಿದೆ. ಮುದ್ದೇನಹಳ್ಳಿ, ಬಡತನ, ಬೀದಿದೀಪ ಎಲ್ಲ ಬಂತು. ಮುಕ್ಕಾಲು ಗಂಟೆ ಕಳೆದಾಗಲೂ ನಾನಿನ್ನೂ ಪುಣೆಯಲ್ಲೇ ಇದ್ದೆ. ಕನ್ನಂಬಾಡಿ ಕಟ್ಟೆ ತಲುಪುವ ಮೊದಲೇ ಬೆಲ್ ಹೊಡೆಯಿತು. ಹಾಳೆ ವಾಪಸ್ ಬಂದಾಗ ಅದರ ಮೇಲೆ ಅಂಕ ಇರಲಿಲ್ಲ, ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆ ಇತ್ತು.

ಅದೇ ತಿಂಗಳು ನಮ್ಮಕ್ಕನ ಫಲಿತಾಂಶವೂ ಬಂದಿತ್ತು. ಅವಳು ಎರಡು ವರ್ಷದಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಳೆ. ಟಿಕ್ ಹಾಕುವ ಪೇಪರಿನಲ್ಲಿ ಗೆದ್ದವಳು ಪ್ರಬಂಧದ ಪೇಪರಿನಲ್ಲಿ ಸೋತಿದ್ದಳು. ಓದಿದ್ದು ಕಡಿಮೆಯಾಗಿರಲಿಲ್ಲ, ಓದಿದ್ದನ್ನೆಲ್ಲ ಬರೆದಿದ್ದೇ ತಪ್ಪಾಗಿತ್ತು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆಯಿಂದ ನಡೆಯುವ ಮನೆ ನಮ್ಮದು. ಇನ್ನೊಂದು ವರ್ಷ ಕೋಚಿಂಗ್ ಫೀಸು ಕಟ್ಟುವುದೆಂದರೆ ಸಣ್ಣ ಮಾತಲ್ಲ.

ಆಮೇಲೆ ನಾನು ವಿಶ್ವೇಶ್ವರಯ್ಯನವರ ಜೀವನವನ್ನು ಮತ್ತೊಮ್ಮೆ ಓದಿದೆ. ಈ ಸಲ ಏನೇನು ಕಟ್ಟಿದರು ಎಂದು ನೋಡಲಿಲ್ಲ. ಕಟ್ಟುವ ಮೊದಲು ಏನು ಮಾಡುತ್ತಿದ್ದರು ಎಂದು ನೋಡಿದೆ. ನನ್ನ ಹಾಳೆಯ ಮೇಲಿದ್ದ ಪ್ರಶ್ನಾರ್ಥಕ ಚಿಹ್ನೆಗೆ ಉತ್ತರ ಅಲ್ಲಿತ್ತು.

ಅವರು ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷವೇ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ ಸಿಕ್ಕಿತು. ನನ್ನ ಪ್ರಬಂಧ ಮೂರು ಪುಟ ತಿಂದದ್ದು ಇಷ್ಟಕ್ಕೇ. ಈಗ ನೋಡಿದರೆ ಐದಾರು ಸಾಲು ಸಾಕು.

ಪುಣೆಗೆ ನೀರು ಕೊಡುವ ಖಡಕ್‌ವಾಸ್ಲಾ ಕೆರೆಯಲ್ಲಿ ಒಂದು ತೊಂದರೆ ಇತ್ತು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಒಡ್ಡನ್ನೇ ಎತ್ತರಿಸುವುದು ಎಲ್ಲರಿಗೂ ಹೊಳೆಯುವ ದಾರಿ. ವಿಶ್ವೇಶ್ವರಯ್ಯನವರು ಒಡ್ಡನ್ನು ಮುಟ್ಟಲಿಲ್ಲ. ಕೋಡಿಯ ಮೇಲೆ ತಮ್ಮಷ್ಟಕ್ಕೆ ತಾವೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕೂರಿಸಿದರು. ನಿಗದಿತ ಮಟ್ಟದವರೆಗೆ ಅವು ನೀರು ತಡೆಯುತ್ತಿದ್ದವು, ಅದು ಮೀರಿದರೆ ತಾವೇ ತೆರೆಯುತ್ತಿದ್ದವು. ಇದು 1903ರ ಮಾತು. ಅದೇ ಒಡ್ಡು ಹೆಚ್ಚು ನೀರು ಹಿಡಿಯಿತು. ಪ್ರಬಂಧದ ಪದಮಿತಿಯೂ ಇಂಥದ್ದೇ ಒಡ್ಡು. ಅದನ್ನು ಎತ್ತರಿಸುವ ಅಧಿಕಾರ ನಮಗಿಲ್ಲ. ಏನನ್ನು ಒಳಗೆ ಉಳಿಸಿಕೊಳ್ಳಬೇಕು, ಏನನ್ನು ಹರಿಯಲು ಬಿಡಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿದೆ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ಬಾಂಬೆ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿಕೊಂಡಿತು. ಊರಿನ ಜನಕ್ಕೆ ಬೇಕಾಗಿದ್ದದ್ದು ಬೇಗ ಒಂದು ಪರಿಹಾರ. ಅವರು ಮೊದಲು ಮಳೆಯ ಲೆಕ್ಕ ಕೂಡಿಸಿದರು. ನೀರು ಎಲ್ಲಿಂದ ಬಂತು, ಮೇಲಿನ ಎಷ್ಟು ಕೆರೆಗಳು ಒಡೆದವು, ನದಿಪಾತ್ರ ಎಷ್ಟು ಹಿಡಿಯಬಲ್ಲದು ಎಂದು ಅಳೆಸಿದರು. ಊರೊಳಗೆ ಗೋಡೆ ಎಬ್ಬಿಸಿದರೆ ಸಾಲದು, ನೀರನ್ನು ಊರಿಗಿಂತ ಮೇಲೆಯೇ ಹಿಡಿದಿಡಬೇಕು ಎಂಬುದು ಆಗ ಗೊತ್ತಾಯಿತು. ಅವರ ವರದಿ ಸೂಚಿಸಿದಂತೆ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಎದ್ದವು. ಪ್ರಶ್ನೆ ಏನೆಂದು ತಿಳಿಯುವುದೇ ಅರ್ಧ ಉತ್ತರ. ನನಗೆ ಕೇಳಿದ್ದು ಇಂದಿನ ಯುವಜನರಿಗೆ ಆ ಜೀವನ ಏನು ಹೇಳುತ್ತದೆ ಎಂದು. ನಾನು ಬರೆದದ್ದು ಅವರು ಎಲ್ಲಿ ಹುಟ್ಟಿದರು ಎಂದು!

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು. ಶಿವನಸಮುದ್ರದ ವಿದ್ಯುತ್ತು 1902ರಿಂದಲೇ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಆಗ ಕಾನಕಾನಹಳ್ಳಿ ಎನ್ನುತ್ತಿದ್ದ ನಮ್ಮ ಕನಕಪುರದ ಮೇಲೇ ಆ ತಂತಿ ಹಾದಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತಿಗೂ ಕೊರತೆ. ಅದಕ್ಕೂ, ಮಂಡ್ಯ ಭಾಗದ ಹೊಲಗಳಿಗೂ ಕನ್ನಂಬಾಡಿಯಲ್ಲಿ ಅಣೆಕಟ್ಟು ಬೇಕು ಎಂಬುದು ಅವರ ಯೋಜನೆ. ಹಣ ಎಲ್ಲಿಂದ, ಲಾಭ ಎಷ್ಟು ಎಂದು ಅನುಮಾನಪಟ್ಟವರ ಮುಂದೆ ಅಂಕಿಅಂಶ ಇಟ್ಟು ಒಪ್ಪಿಸಿದರು. 1911ರಲ್ಲಿ ಕೆಲಸ ಶುರುವಾಯಿತು. ಮದ್ರಾಸ್ ಸರ್ಕಾರದ ಆಕ್ಷೇಪದಿಂದಾಗಿ ಮೊದಲು ಸಿಕ್ಕಿದ್ದು ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ. ಆದರೂ ಅಡಿಪಾಯವನ್ನು ಅವರು ಪೂರ್ತಿ ಎತ್ತರಕ್ಕೆ ತಕ್ಕಂತೆಯೇ ಹಾಕಿಸಿದರು. 1924ರ ಒಪ್ಪಂದದ ಹೊತ್ತಿಗೆ ಅವರು ಅಧಿಕಾರದಲ್ಲಿರಲಿಲ್ಲ, ಅಡಿಪಾಯ ಮಾತ್ರ ತಯಾರಾಗಿತ್ತು. ಮೊದಲ ಪ್ಯಾರಾ ಬರೆಯುವಾಗಲೇ ಕೊನೆಯ ಪ್ಯಾರಾ ಏನೆಂದು ಗೊತ್ತಿರಬೇಕು ಎಂಬುದನ್ನು ನಾನು ಕಲಿತದ್ದು ಇಲ್ಲಿ.

1912ರಿಂದ 1918ರವರೆಗೆ ಅವರು ದಿವಾನರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ನಮ್ಮ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾದದ್ದೂ ಆ ಕಾಲದಲ್ಲೇ, ಇಟಲಿಯ ತಜ್ಞರೊಬ್ಬರ ನೆರವಿನಿಂದ. ಇಂಥ ಪಟ್ಟಿ ಸಿಕ್ಕರೆ ಎಲ್ಲವನ್ನೂ ತುಂಬುವ ಆಸೆ ಬರುತ್ತದೆ. ಆದರೆ ರೇಷ್ಮೆಯ ಬಗ್ಗೆ ಪ್ರಬಂಧವಾದರೆ ಆ ಫಾರಂ ಒಂದೇ ಸಾಕು, ಬ್ಯಾಂಕು ಬೇಡ.

ಇನ್ನೊಂದು ಸಂಗತಿಯನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗದವರಿಗೆ ಪ್ರಾತಿನಿಧ್ಯ ಕೊಡುವ ಬಗ್ಗೆ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಅವರು ಅಧಿಕಾರ ಬಿಡಲು ಅದೂ ಒಂದು ಕಾರಣ. ಆ ಸಮಿತಿ ತೆರೆದ ಬಾಗಿಲಿನಿಂದ ಮುಂದೆ ಎಷ್ಟೋ ಮನೆಗಳ ಮಕ್ಕಳು ಓದಿ ಕೆಲಸಕ್ಕೆ ಸೇರಿದರು. ನನ್ನಂಥವನು ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೂತಿರುವುದಕ್ಕೂ ಆ ಬಾಗಿಲಿಗೂ ನಂಟಿದೆ. ಹೊಗಳುವ ಪ್ರಬಂಧದಲ್ಲಿ ಇದಕ್ಕೆಲ್ಲಿ ಜಾಗ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಇದನ್ನು ಮುಚ್ಚಿಟ್ಟರೆ ಅದು ಪ್ರಬಂಧವಲ್ಲ, ಹಾರ ಹಾಕುವ ಕಾರ್ಯಕ್ರಮ. ಇನ್ನೊಂದು ಕಡೆಯನ್ನೂ ತೋರಿಸಿ, ಆಮೇಲೂ ನಮ್ಮ ಮಾತು ನಿಲ್ಲುತ್ತದೆಯೇ ನೋಡಬೇಕು. ಅವರ ಕೆಲಸದ ರೀತಿಯ ಬಗ್ಗೆ ನನ್ನ ಗೌರವವಂತೂ ನಿಂತಿದೆ.

ಅಧಿಕಾರ ಬಿಟ್ಟ ಮೇಲೂ ಅವರು ಬರೆದರು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ, 1934ರಲ್ಲಿ ಯೋಜಿತ ಅರ್ಥವ್ಯವಸ್ಥೆಯ ಬಗ್ಗೆ, 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ದೇಶದಲ್ಲಿ ಪಂಚವಾರ್ಷಿಕ ಯೋಜನೆ ಬರುವ ಎಷ್ಟೋ ಮೊದಲೇ ಅವರು ಯೋಜನೆಯ ಬಗ್ಗೆ ಬರೆದಿದ್ದರು. ಕರಡನ್ನು ಮತ್ತೆ ಮತ್ತೆ ತಿದ್ದುವುದು ಅವರ ಸ್ವಭಾವ. ಒಂದು ಶಾಲೆಯಲ್ಲಿ ಸಿದ್ಧತೆಯಿಲ್ಲದೆ ನಾಲ್ಕು ಮಾತಾಡಿ ಬಂದವರು, ಅದು ಸಮಾಧಾನವಾಗದೆ, ಮಾತು ಬರೆದುಕೊಂಡು ಅದೇ ಶಾಲೆಗೆ ಮತ್ತೆ ಹೋದರೆಂಬ ಕಥೆಯನ್ನು ಹೇಳುವುದುಂಟು. ಕೇಳುವವರು ಚಿಕ್ಕ ಮಕ್ಕಳು, ಆದರೂ ತಯಾರಿ ಅಷ್ಟೇ.

ಬೆಂಗಳೂರಿಗೆ ನೀರು ಸಾಲದಾದಾಗ ಅದರ ಸಮಿತಿಯ ಮುಂದಾಳುತನವೂ ಅವರಿಗೇ ಬಂತು. ಅದರ ಫಲವೇ ಮಾಗಡಿ ತಾಲ್ಲೂಕಿನ ತಿಪ್ಪಗೊಂಡನಹಳ್ಳಿ ಜಲಾಶಯ. ಅರ್ಕಾವತಿಗೆ ಅಡ್ಡಲಾಗಿ 1933ರಲ್ಲಿ ಅದು ಸಿದ್ಧವಾಯಿತು. ಅದೇ ಅರ್ಕಾವತಿ ಅಲ್ಲಿಂದ ಮುಂದೆ ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುತ್ತದೆ. ನಾನು ದಿನವೂ ದಾಟುವ ಸೇತುವೆ ಅದರ ಮೇಲೇ ಇದೆ. 1955ರಲ್ಲಿ ಭಾರತರತ್ನ ಪಡೆದ ಅವರು 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು.

ಈಗ ನಾನೂ ಅಕ್ಕನೂ ವಾರಕ್ಕೊಂದು ಪ್ರಬಂಧ ಬರೆಯುತ್ತೇವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮೂರು ಗಂಟೆಗೆ ಎರಡು ಪ್ರಬಂಧ, ಒಂದೊಂದೂ 1000ದಿಂದ 1200 ಪದ. ನಾವು ಒಂದು ಪ್ರಬಂಧಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡು, ಮೊದಲ ಇಪ್ಪತ್ತು ನಿಮಿಷ ಉತ್ತರದ ಹಾಳೆ ಮುಟ್ಟುವುದೇ ಇಲ್ಲ. ಪ್ರಶ್ನೆಯಲ್ಲಿ ಯಾವ ಪದಕ್ಕೆ ಉತ್ತರ ಬೇಕು ಎಂದು ಗೆರೆ ಎಳೆಯುತ್ತೇವೆ. ಗೊತ್ತಿದ್ದದ್ದನ್ನೆಲ್ಲ ರಫ್ ಹಾಳೆಯಲ್ಲಿ ಗೀಚಿ, ಅರ್ಧದಷ್ಟನ್ನು ಹೊಡೆದು ಹಾಕುತ್ತೇವೆ. ಹೇಳಬೇಕಾದ ಒಂದೇ ಮಾತನ್ನು ಒಂದು ವಾಕ್ಯದಲ್ಲಿ ಬರೆದು, ಉಳಿದದ್ದನ್ನು ಐದಾರು ತಲೆಬರಹಗಳ ಕೆಳಗೆ ಜೋಡಿಸುತ್ತೇವೆ. ಎದುರು ವಾದಕ್ಕೆ ಒಂದು ಪ್ಯಾರಾ, ಕೊನೆಗೆ ಓದಿ ತಿದ್ದಲು ಹತ್ತು ನಿಮಿಷ.

ಒಂದು ಸಂಜೆ ಇದನ್ನು ನೋಡಿದ ಅಪ್ಪ ನಕ್ಕರು. ಗೂಡು ಬೇಯಿಸಿದ ಮೇಲೆ ಎಳೆಯ ತುದಿ ಹುಡುಕದೆ ಯಾರಾದರೂ ನೂಲು ಬಿಚ್ಚುತ್ತಾರೆಯೇ ಎಂಬುದು ಅವರ ಪ್ರಶ್ನೆ. ತುದಿ ಸಿಕ್ಕರೆ ಎಳೆ ತಾನಾಗಿ ಬರುತ್ತದೆ, ಸಿಗದೆ ಎಳೆದರೆ ಗೂಡೇ ಹಾಳು. ಇಪ್ಪತ್ತು ವರ್ಷ ನಮ್ಮ ಮನೆಯಲ್ಲೇ ಇದ್ದ ಪಾಠ ನನಗೆ ಕಂಡಿರಲಿಲ್ಲ.

ಈ ಸಲದ ಸ್ಪರ್ಧೆಯಲ್ಲಿ ನನಗೆ ಬಹುಮಾನವೇನೂ ಬರಲಿಲ್ಲ. ಆದರೆ ಬೆಲ್ ಹೊಡೆಯುವ ಐದು ನಿಮಿಷ ಮೊದಲೇ ನನ್ನ ಪ್ರಬಂಧ ಮುಗಿದಿತ್ತು. ಅಕ್ಕನ ಪರೀಕ್ಷೆ ಇನ್ನೆರಡು ತಿಂಗಳಿಗೆ ಇದೆ. ರಫ್ ಹಾಳೆಯ ಕಟ್ಟು ಖರ್ಚಾಗುತ್ತಲೇ ಇದೆ.