ಪೂರ್ವದೇಶಗಳ ಧರ್ಮಸಭೆಯ ಸಾರಥಿ: ಸ್ವಾಮಿ ಅಲೆಸ್ಸಾಂದ್ರೊ ವಲಿನ್ಯಾನೊ

ನೂರು ವರ್ಷ ತುಂಬಿದ ದೇವಾಲಯದ ಜ್ಞಾನಸ್ನಾನದ ದಫ್ತರವನ್ನು ತೆರೆದರೆ ಎಷ್ಟೋ ನಾಡುನುಡಿಗಳ ಹೆಸರುಗಳು ಕಣ್ಣಿಗೆ ಬೀಳುತ್ತವೆ. ಕಡಲಾಚೆಯಿಂದ ಬಂದ ಗುರುಗಳು, ಕೊಂಕಣಿ, ತಮಿಳು, ತೆಲುಗು ಮನೆಮಾತಿನ ಕುಟುಂಬಗಳು, ತಲೆತಲಾಂತರದಿಂದ ಕನ್ನಡವನ್ನೇ ನುಡಿದವರು, ಎಲ್ಲರೂ ಒಂದೇ ಪೀಠದ ಮುಂದೆ ಮೊಣಕಾಲೂರಿದ್ದಾರೆ. ಇಂತಹ ಜನಸಮುದಾಯವನ್ನು ಒಂದೇ ಮಂದೆಯಾಗಿ ಮುನ್ನಡೆಸುವುದು ಎಷ್ಟು ಕಷ್ಟವೆಂಬುದನ್ನು ಆ ಹೊಣೆ ಹೊತ್ತವರೇ ಬಲ್ಲರು. ಆದುದರಿಂದ ಈ ಶುಭಸಂದರ್ಭದಲ್ಲಿ, ನಾಲ್ಕು ಶತಮಾನಗಳ ಹಿಂದೆ ಆಫ್ರಿಕದ ಮೊಜಾಂಬಿಕಿನಿಂದ ಜಪಾನಿನವರೆಗೆ ಯೇಸು ಸಭೆಯ ಕಾರ್ಯವನ್ನೆಲ್ಲ ನಡೆಸಿದ ಒಬ್ಬ ಗುರುವಿನ ಬಾಳನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ. ಸಂತ ಫ್ರಾನ್ಸಿಸ್ ಝೇವಿಯರರು ಬಿತ್ತಿದ ಹೊಲವನ್ನು ಕಾದು ಬೆಳೆಸಿದ ಆ ಮಹನೀಯರೇ ಅಲೆಸ್ಸಾಂದ್ರೊ ವಲಿನ್ಯಾನೊ.

ಅವರು 1539ರಲ್ಲಿ ಇಟಲಿಯ ನೇಪಲ್ಸ್ ರಾಜ್ಯಕ್ಕೆ ಸೇರಿದ್ದ ಕಿಯೆತಿ ಪಟ್ಟಣದ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಪಾದುವದ ವಿಶ್ವವಿದ್ಯಾಲಯದಲ್ಲಿ ಎಳೆಯ ವಯಸ್ಸಿನಲ್ಲೇ ನ್ಯಾಯಶಾಸ್ತ್ರದ ಡಾಕ್ಟರ್ ಪದವಿ ಪಡೆದರು. ಆಳಾದ ನಿಲುವು, ತೀಕ್ಷ್ಣವಾದ ಬುದ್ಧಿ, ಅದಕ್ಕಿಂತಲೂ ತೀಕ್ಷ್ಣವಾದ ಕೋಪ, ಇವು ಅವರಿಗೆ ಹುಟ್ಟಿನಿಂದ ಬಂದಿದ್ದವು. 1562ರಲ್ಲಿ ಒಬ್ಬ ಹೆಂಗಸಿನ ಮುಖಕ್ಕೆ ಕತ್ತಿಯಿಂದ ಗಾಯ ಮಾಡಿದ ಆರೋಪದ ಮೇಲೆ ವೆನಿಸ್ಸಿನಲ್ಲಿ ಸೆರೆಯಾಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಂದೀಖಾನೆಯಲ್ಲಿ ಕಳೆದರು. ಮುಂದೆ ಸಂತರೆನಿಸಿದ ಕಾರ್ಡಿನಲ್ ಚಾರ್ಲ್ಸ್ ಬೊರೊಮಿಯೊ ಅವರ ನೆರವು ದೊರೆತು ಬಿಡುಗಡೆ ಹೊಂದಿದರು. ಬಾಳಿನ ಈ ಕಲೆಯನ್ನು ನಾವು ಮರೆಮಾಚಬೇಕಾಗಿಲ್ಲ. ಪರರನ್ನು ಆಳುವ ಮುನ್ನ ತನ್ನನ್ನು ಆಳಿಕೊಳ್ಳಲು ಅವರು ಕಲಿಯಬೇಕಾಯಿತು. ಆ ಪಾಠ ಸೆರೆಮನೆಯಲ್ಲಿ ಆರಂಭವಾಯಿತು. 1566ರಲ್ಲಿ ರೋಮಿನಲ್ಲಿ ಯೇಸು ಸಭೆಯನ್ನು ಸೇರಿ, 1570ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ನವದೀಕ್ಷಿತರ ಉಸ್ತುವಾರಿ ವಹಿಸಿದ್ದಾಗ, ಬಾಗಿಲು ತಟ್ಟಿ ಬಂದ ಮತ್ತೇಯೊ ರಿಚ್ಚಿ ಎಂಬ ತರುಣನನ್ನು ಸಭೆಗೆ ಬರಮಾಡಿಕೊಂಡವರು ಇವರೇ.

1573ರಲ್ಲಿ, ಕೇವಲ ಮೂವತ್ತನಾಲ್ಕರ ಪ್ರಾಯದಲ್ಲಿ, ಯೇಸು ಸಭೆಯ ಮಹಾಶ್ರೇಷ್ಠರು ಅವರನ್ನು ಪೂರ್ವದೇಶಗಳ ಸಂದರ್ಶಕರನ್ನಾಗಿ ನೇಮಿಸಿದರು. ಮಹಾಶ್ರೇಷ್ಠರ ಪ್ರತಿನಿಧಿಯಾಗಿ ಎಲ್ಲೆಡೆ ಸಂಚರಿಸಿ, ತಪ್ಪುಗಳನ್ನು ತಿದ್ದಿ, ಅಧಿಕಾರಿಗಳನ್ನು ನೇಮಿಸುವ ಮಹತ್ತರವಾದ ಹೊಣೆಯದು. ಪೋರ್ಚುಗಲ್ಲಿನ ದೊರೆಯ ಆಶ್ರಯದಲ್ಲಿ ನಡೆಯುತ್ತಿದ್ದ ಧರ್ಮಪ್ರಚಾರಕ್ಕೆ ಒಬ್ಬ ಇಟಲಿಯವನು ಮೇಲ್ವಿಚಾರಕನಾಗುವುದನ್ನು ಸಹಿಸದವರು ಅನೇಕರಿದ್ದರು. 1574ರ ಮಾರ್ಚಿಯಲ್ಲಿ ಪೋರ್ಚುಗೀಸರು, ಸ್ಪೇನಿನವರು, ಇಟಲಿಯವರು ಸೇರಿದ ನಲವತ್ತಕ್ಕೂ ಹೆಚ್ಚು ಮಂದಿಯೊಡನೆ ಲಿಸ್ಬನ್ನಿನಿಂದ ಹಡಗೇರಿ, ಸೆಪ್ಟೆಂಬರಿನಲ್ಲಿ ಗೋವೆಯನ್ನು ಮುಟ್ಟಿದರು. ರೋಮಿಗೆ ಕಾಗದ ಬರೆದು ಉತ್ತರ ಪಡೆಯಲು ವರ್ಷಗಳೇ ಹಿಡಿಯುತ್ತಿದ್ದ ಕಾಲವದು. ಅಪ್ಪಣೆಗಾಗಿ ಕಾಯುವಂತಿರಲಿಲ್ಲ, ಕಂಡದ್ದನ್ನು ಕಂಡಲ್ಲಿಯೇ ತೂಗಿ ತೀರ್ಮಾನಿಸಬೇಕಾಗಿತ್ತು.

1578ರಲ್ಲಿ ಮಕಾವ್ ತಲುಪಿದಾಗ ಅವರಿಗೊಂದು ವಿಚಿತ್ರ ಕಾಣಿಸಿತು. ಚೀನಾದ ಹೊಸ್ತಿಲಲ್ಲಿ ವರ್ಷಗಟ್ಟಲೆ ವಾಸವಾಗಿದ್ದ ಗುರುಗಳಲ್ಲಿ ಒಬ್ಬರಿಗಾದರೂ ಚೀನೀ ಭಾಷೆ ಬಾರದು. ಆ ಜನ ಎಂದೂ ಕ್ರೈಸ್ತರಾಗಲಾರರೆಂದು ಕೈಚೆಲ್ಲಿದ್ದರು. ಕ್ರೈಸ್ತರಾದ ಚೀನೀಯರು ಪೋರ್ಚುಗೀಸರಂತೆ ಉಟ್ಟು, ಪೋರ್ಚುಗೀಸರಂತೆ ಬಾಳಬೇಕೆಂಬುದು ಅಲ್ಲಿಯ ಪದ್ಧತಿಯಾಗಿತ್ತು. ದೋಷ ಆ ಜನರಲ್ಲಿಲ್ಲ, ನಮ್ಮ ಕ್ರಮದಲ್ಲಿದೆಯೆಂದು ಸಂದರ್ಶಕರು ಕಂಡುಕೊಂಡರು. ಓದು, ಬರಹ, ಮಾತು ಮೂರನ್ನೂ ಕಲಿಯುವುದೇ ಏಕೈಕ ಕೆಲಸವಾಗಿರುವ ಒಬ್ಬರನ್ನು ಕಳುಹಿಸಬೇಕೆಂದು ಗೋವೆಗೆ ಬರೆದರು. 1579ರಲ್ಲಿ ಮಿಕೇಲೆ ರುಜ್ಜಿಯೇರಿ ಬಂದರು; 1582ರಲ್ಲಿ ಮತ್ತೇಯೊ ರಿಚ್ಚಿ ಬಂದು ಸೇರಿಕೊಂಡರು. ನಡುವಯಸ್ಸಿನವನು ಅಕ್ಷರ ತಿದ್ದುವುದನ್ನು ಕಂಡು ಜೊತೆಯವರೇ ನಕ್ಕರು. ಆದರೆ 1601ರಲ್ಲಿ ರಿಚ್ಚಿಯವರು ಬೀಜಿಂಗಿನಲ್ಲಿ ನೆಲಸಿ ವಿದ್ವಾಂಸರ ಗೌರವಕ್ಕೆ ಪಾತ್ರರಾದುದು ಈ ಅಕ್ಷರಾಭ್ಯಾಸದ ಬಲದಿಂದಲೇ.

1579ರ ಜುಲೈ ತಿಂಗಳಲ್ಲಿ ವಲಿನ್ಯಾನೊ ಜಪಾನಿನಲ್ಲಿ ಇಳಿದರು. ಅಲ್ಲಿ ಆಗಲೇ ಲಕ್ಷಕ್ಕೂ ಮಿಕ್ಕಿ ಕ್ರೈಸ್ತರಿದ್ದರು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸಮೃದ್ಧ. ಒಳಗೆ ಮಾತ್ರ ಮನಸ್ಸುಗಳು ಮುರಿದಿದ್ದವು. ಅಲ್ಲಿನ ಶ್ರೇಷ್ಠರಾಗಿದ್ದ ಫ್ರಾನ್ಸಿಸ್ಕೊ ಕಬ್ರಾಲ್ ತಪಸ್ಸಿನ ಬಾಳಿನವರು, ಧೈರ್ಯಶಾಲಿ, ಶ್ರಮಜೀವಿ. ಆದರೆ ಜಪಾನೀಯರು ಗರ್ವಿಗಳು, ಮನಸ್ಸನ್ನು ಬಿಚ್ಚದವರು, ಅವರನ್ನು ಬಿಗಿಯಾಗಿಯೇ ಇಡಬೇಕೆಂಬುದು ಅವರ ನಂಬಿಕೆ. ದೇಶೀಯ ಸಹೋದರರು ಲತೀನನ್ನಾಗಲಿ ಪೋರ್ಚುಗೀಸನ್ನಾಗಲಿ ಕಲಿಯಬಾರದೆಂದು ತಡೆದಿದ್ದರು. ವಿದೇಶೀಯರು ಜಪಾನೀ ಭಾಷೆ ಕಲಿಯುವುದು ಆಗದ ಕೆಲಸವೆಂದು ತಳ್ಳಿಹಾಕಿದ್ದರು. ಊಟದ ಪಂಕ್ತಿಯಲ್ಲಿಯೂ ಭೇದವಿತ್ತು. ಹೀಗೆ ಒಂದೇ ಮನೆಯಲ್ಲಿ ವಾಸಿಸುವವರ ನಡುವೆ ಗೋಡೆ ಎದ್ದಿತ್ತು.

ವಲಿನ್ಯಾನೊ ಆತುರಪಡಲಿಲ್ಲ. ಒಂದು ವರ್ಷಕ್ಕೂ ಹೆಚ್ಚು ಕಾಲ ಕೇಳಿದರು, ನೋಡಿದರು, ಊರೂರು ತಿರುಗಿದರು. ಕ್ರೈಸ್ತ ಪ್ರಭು ಓತೊಮೊ ಸೋರಿನ್ ಮೊದಲಾದವರು ಮನಸ್ಸು ಬಿಚ್ಚಿ ಮಾತನಾಡಿದರು. ಪರದೇಶದಿಂದ ಬಂದ ಕೆಲವೇ ಜನ ತಾವು ನೆಲಸಿದ ನಾಡಿನ ರೀತಿನೀತಿ ಕಲಿಯದೆ, ಒಂದು ನಾಡಿನ ಜನರೆಲ್ಲ ತಮ್ಮ ರೀತಿಗೆ ಬರಬೇಕೆಂದು ಅಪೇಕ್ಷಿಸುವುದು ವಿವೇಕವಲ್ಲವೆಂಬುದು ಅವರ ದೂರಿನ ತಾತ್ಪರ್ಯವಾಗಿತ್ತು. ಸಂದರ್ಶಕರು ಆ ದೂರನ್ನು ಅಪಮಾನವೆಂದು ಎಣಿಸದೆ ಉಪಕಾರವೆಂದು ಸ್ವೀಕರಿಸಿದರು. 1580–81ರಲ್ಲಿ ಉಸುಕಿ, ಅಝುಚಿ, ನಾಗಸಾಕಿ ಎಂಬ ಮೂರು ಸ್ಥಳಗಳಲ್ಲಿ ಗುರುಗಳ ಸಮಾಲೋಚನೆ ನಡೆಸಿ, ಪ್ರಶ್ನೆಗಳನ್ನು ಒಂದೊಂದಾಗಿ ಮುಂದಿಟ್ಟು, ಭಿನ್ನಾಭಿಪ್ರಾಯವಿದ್ದವರಿಗೂ ಮಾತನಾಡಲು ಅವಕಾಶವಿತ್ತು, ಅನಂತರ ತೀರ್ಮಾನ ಕೊಟ್ಟರು.

ತೀರ್ಮಾನಗಳು ಸ್ಪಷ್ಟವಾಗಿದ್ದವು. ವಿದೇಶೀ ಗುರುಗಳು ಮೊದಲು ಭಾಷೆ ಕಲಿಯಬೇಕು. ದೇಶೀಯರನ್ನು ಸಭೆಗೆ ಸೇರಿಸಿಕೊಂಡು ಎಲ್ಲರಿಗೂ ಸಮಾನವಾದ ಉಪಚಾರ ನೀಡಬೇಕು. ಅರಿಮ ಮತ್ತು ಅಝುಚಿಯಲ್ಲಿ ಬಾಲಕರಿಗೆ ಗುರುಮಠಗಳು, ಉಸುಕಿಯಲ್ಲಿ ನವದೀಕ್ಷಿತರ ಮನೆ, ಫುನಾಯಿಯಲ್ಲಿ ಕಾಲೇಜು ಸ್ಥಾಪನೆಯಾದವು. ಗುರುಗಳ ಮನೆಗಳು ಜಪಾನೀ ಕ್ರಮದಲ್ಲಿ ನಿರ್ಮಲವಾಗಿರಬೇಕು. ಅತಿಥಿಗಳನ್ನು ಸತ್ಕರಿಸಲು ಪ್ರತಿ ಮನೆಯಲ್ಲಿಯೂ ಚಹಾದ ಕೋಣೆಯಿರಬೇಕು. ಜನರಿಗೆ ಹೇಸಿಗೆಯೆನಿಸುವ ಆಹಾರ ಅಲ್ಲಿ ಬೇಯಬಾರದು. ಯಾರಿಗೆ ಹೇಗೆ ತಲೆಬಾಗಬೇಕು, ಯಾರನ್ನು ಎಲ್ಲಿಯವರೆಗೆ ಹೋಗಿ ಬೀಳ್ಕೊಡಬೇಕು ಎಂಬಷ್ಟು ಸೂಕ್ಷ್ಮ ವಿವರಗಳನ್ನೂ ಕುರಿತು ಅವರು ಒಂದು ಕೈಪಿಡಿಯನ್ನೇ ರಚಿಸಿದರು. ವಿಶ್ವಾಸದ ತಿರುಳನ್ನು ಕಿಂಚಿತ್ತೂ ಬಿಟ್ಟುಕೊಡದೆ, ಉಡುಪು, ಊಟ, ನಡೆನುಡಿಗಳಲ್ಲಿ ಆ ನಾಡಿನವರಾಗುವುದು ಅವರ ಸೂತ್ರವಾಗಿತ್ತು. ಇದನ್ನು ಒಪ್ಪಲಾರದ ಕಬ್ರಾಲರನ್ನು 1581ರಲ್ಲಿ ಆ ಅಧಿಕಾರದಿಂದ ಬಿಡುಗಡೆ ಮಾಡಿದರು. ಕಬ್ರಾಲರು ಮುಂದೆ ಗೋವೆಯಲ್ಲಿ ಪ್ರಾಂತಾಧಿಪತಿಗಳಾಗಿ ಸೇವೆ ಸಲ್ಲಿಸಿದರು. ಒಂದು ಸ್ಥಾನಕ್ಕೆ ಹೊಂದದವನು ಎಲ್ಲ ಸ್ಥಾನಕ್ಕೂ ಅಯೋಗ್ಯನೆಂದೇನೂ ಅಲ್ಲ.

ಜಪಾನೀಯರು ಯೂರೋಪನ್ನೂ ಯೂರೋಪು ಜಪಾನೀಯರನ್ನೂ ಕಣ್ಣಾರೆ ಕಾಣಲೆಂದು 1582ರಲ್ಲಿ ನಾಲ್ವರು ಜಪಾನೀ ಬಾಲಕರನ್ನು ನಿಯೋಗವಾಗಿ ರೋಮಿಗೆ ಕಳುಹಿಸಿದರು. ತಾವು ಗೋವೆಯಲ್ಲಿಯೇ ಪ್ರಾಂತಾಧಿಪತಿಗಳಾಗಿ ನಿಲ್ಲಬೇಕಾಯಿತು. 1585ರಲ್ಲಿ ಹದಿಮೂರನೆಯ ಗ್ರೆಗೊರಿ ಜಗದ್ಗುರುಗಳು ಆ ಬಾಲಕರನ್ನು ಪಿತೃವಾತ್ಸಲ್ಯದಿಂದ ಬರಮಾಡಿಕೊಂಡರು. 1590ರಲ್ಲಿ ಅವರೊಡನೆ ವಲಿನ್ಯಾನೊ ಜಪಾನಿಗೆ ಮರಳುವಾಗ ಒಂದು ಮುದ್ರಣಯಂತ್ರವೂ ಜೊತೆಯಲ್ಲಿತ್ತು. ಅಷ್ಟರಲ್ಲಿ, 1587ರಲ್ಲಿ, ಆಳರಸ ಹಿದೆಯೋಶಿ ಧರ್ಮಪ್ರಚಾರಕರು ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದ್ದ. 1591ರಲ್ಲಿ ಗೋವೆಯ ವೈಸರಾಯರ ರಾಯಭಾರಿಯಾಗಿ ಅವನನ್ನು ಕಂಡ ವಲಿನ್ಯಾನೊ, ಸೌಜನ್ಯದಿಂದಲೇ ಧರ್ಮಸಭೆಗೆ ಉಸಿರಾಡಲು ಕಾಲಾವಕಾಶ ಗಳಿಸಿದರು. 1601ರಲ್ಲಿ ನಾಗಸಾಕಿಯಲ್ಲಿ ಮೊದಲ ಇಬ್ಬರು ಜಪಾನೀಯರಿಗೆ ಗುರುದೀಕ್ಷೆಯಾಯಿತು. ಅವರಲ್ಲಿ ಒಬ್ಬರಾದ ಸೆಬಾಸ್ತಿಯನ್ ಕಿಮುರ 1622ರಲ್ಲಿ ರಕ್ತಸಾಕ್ಷಿಯಾದರು. ರೋಮಿಗೆ ಹೋಗಿದ್ದ ಬಾಲಕರಲ್ಲಿ ಒಬ್ಬರಾದ ಜೂಲಿಯನ್ ನಕಾವುರ, ಗುರುವಾಗಿ, 1633ರಲ್ಲಿ ಅದೇ ಕಿರೀಟ ಧರಿಸಿದರು. ದೇಶೀಯರನ್ನು ನಂಬಬಾರದೆಂದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಚೀನಾದೊಳಗೆ ಹೋಗಿ ರಿಚ್ಚಿಯವರ ಕೆಲಸವನ್ನು ಕಾಣಬೇಕೆಂಬ ಸಿದ್ಧತೆಯಲ್ಲಿದ್ದಾಗಲೇ ವಲಿನ್ಯಾನೊ 1606ರ ಜನವರಿ 20ರಂದು ಮಕಾವಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. 1614ರ ನಿಷೇಧಾಜ್ಞೆಯ ಬಳಿಕ ಜಪಾನಿನ ಧರ್ಮಸಭೆ ಭೂಗತವಾಯಿತು. ಕೊನೆಗೆ ಗುರುಗಳೇ ಉಳಿಯಲಿಲ್ಲ. ಆದರೂ ಶ್ರೀಸಾಮಾನ್ಯರು ತಮ್ಮ ಮಕ್ಕಳಿಗೆ ತಾವೇ ಜ್ಞಾನಸ್ನಾನ ನೀಡುತ್ತ, ತಮ್ಮದೇ ನುಡಿಯಲ್ಲಿ ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು, 1865ರಲ್ಲಿ ನಾಗಸಾಕಿಯ ದೇವಾಲಯಕ್ಕೆ ಬಂದು ತಮ್ಮ ವಿಶ್ವಾಸವನ್ನು ಪ್ರಕಟಿಸಿದರು.

ಆದರೆ ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇವರ ವಿಷಯದಲ್ಲಿಯೂ ನಿಜವಾಯಿತು. ಜಪಾನೀಯರಿಗೂ ಚೀನೀಯರಿಗೂ ತೆರೆದ ಬಾಗಿಲನ್ನು ಅವರು ಭಾರತೀಯರಿಗೆ ತೆರೆಯಲಿಲ್ಲ. ಕಪ್ಪು ಬಣ್ಣದ ಜನ ಸನ್ಯಾಸಿಸಭೆಗೂ ಗುರುತ್ವಕ್ಕೂ ತಕ್ಕವರಲ್ಲವೆಂದು ವರದಿಗಳಲ್ಲಿ ಬರೆದರು. ಆಫ್ರಿಕದವರ ವಿಷಯದಲ್ಲಿ ಇನ್ನೂ ಕಠಿಣವಾಗಿ ಬರೆದರು. ಪೆರೊ ಲೂಯಿಸ್ ಎಂಬ ಮಲೆಯಾಳ ದೇಶದ ಬ್ರಾಹ್ಮಣರು 1561ರಲ್ಲಿ ಯೇಸು ಸಭೆ ಸೇರಿ 1575ರಲ್ಲಿ ಗುರುವಾಗಿದ್ದರು. ತಮ್ಮ ನಾಡಿನವರನ್ನೂ ಸೇರಿಸಿಕೊಳ್ಳಬೇಕೆಂದು ಅವರು ರೋಮಿಗೆ ಬಿನ್ನವಿಸಿಕೊಂಡರು; ಬಾಗಿಲು ತೆರೆಯಲಿಲ್ಲ. ಅಷ್ಟು ದೂರದ ಜಪಾನೀಯರ ಮನಸ್ಸನ್ನು ಓದಬಲ್ಲ ಕಣ್ಣುಗಳಿಗೆ, ವರ್ಷಗಳ ಕಾಲ ಜೊತೆಯಲ್ಲಿದ್ದ ಭಾರತೀಯರ ಯೋಗ್ಯತೆ ಕಾಣದೆ ಹೋಯಿತು. ಭಾರತೀಯ ಗುರುವಾಗಿ ಇದನ್ನು ಬರೆಯುವಾಗ ನನ್ನ ಮನಸ್ಸು ನೋಯುತ್ತದೆ; ಆದರೆ ಸತ್ಯವನ್ನು ಮುಚ್ಚಿಡುವುದು ಸತ್ತವರಿಗೂ ಗೌರವವಲ್ಲ.

ದೈವಸಂಕಲ್ಪ ಮಾತ್ರ ನಿಲ್ಲಲಿಲ್ಲ. ವಲಿನ್ಯಾನೊ ತೀರಿಕೊಂಡ 1606ರಲ್ಲಿಯೇ ರೊಬೆರ್ತೊ ದಿ ನೊಬಿಲಿಯವರು ಮಧುರೆಗೆ ಬಂದು, ಮುಂದೆ ಸನ್ಯಾಸಿಯ ವೇಷ ಧರಿಸಿ ತಮಿಳರಿಗೆ ತಮಿಳರಾದರು. ಅದೇ ಹಾದಿಯಲ್ಲಿ ಹದಿನೇಳನೆಯ ಶತಮಾನದ ನಡುವಿನಲ್ಲಿ ಲಿಯೊನಾರ್ದೊ ಚಿನ್ನಾಮಿಯವರು ಮೈಸೂರು ಸೀಮೆಗೆ ಬಂದು ಕನ್ನಡ ಕಲಿತು ಧರ್ಮಬೋಧೆ ಮಾಡಿದರು. ಇನ್ನು ಭಾರತೀಯರ ಯೋಗ್ಯತೆಯ ಪ್ರಶ್ನೆಗೆ ಉತ್ತರವಾಗಿ ಗೋವೆಯ ಮಗನೊಬ್ಬನು ಎದ್ದುನಿಂತನು. ಜೋಸೆಫ್ ವಾಜ್ ಸ್ವಾಮಿಗಳು 1681ರಿಂದ ಮೂರು ವರ್ಷ ನಮ್ಮ ಕನ್ನಡ ಕರಾವಳಿಯಲ್ಲಿ ಒಡೆದ ಮನಸ್ಸುಗಳನ್ನು ಕೂಡಿಸಿದರು. 1687ರಲ್ಲಿ ಸಿಂಹಳಕ್ಕೆ ಹೋಗಿ, ಡಚ್ಚರ ಹಿಂಸೆಯಿಂದ ಗುರುಗಳಿಲ್ಲದೆ ಅನಾಥವಾಗಿದ್ದ ಧರ್ಮಸಭೆಯನ್ನು ಭಾರತೀಯ ಗುರುಗಳ ನೆರವಿನಿಂದಲೇ ಪುನಃ ಕಟ್ಟಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು. ಅಯೋಗ್ಯರೆನಿಸಿಕೊಂಡವರ ಸಂತಾನದಿಂದಲೇ ದೇವರು ಪೀಠಕ್ಕೆ ಸಂತನನ್ನು ಆರಿಸಿಕೊಂಡರು.

ಪ್ರಿಯ ಭಕ್ತಾದಿಗಳೇ, ವಲಿನ್ಯಾನೊ ಅವರ ಬಾಳು ನಮಗೆ ಎರಡು ಪಾಠಗಳನ್ನು ಕಲಿಸುತ್ತದೆ. ಮುನ್ನಡೆಸುವವನು ಮೊದಲು ಕೇಳಬೇಕು, ಜನರ ನುಡಿ ಕಲಿಯಬೇಕು, ತನ್ನ ಸ್ಥಾನವನ್ನು ತುಂಬಬಲ್ಲವರನ್ನು ಆ ಜನರಲ್ಲಿಯೇ ಬೆಳೆಸಬೇಕು. ಇದು ಅವರ ಗೆಲುವಿನ ಪಾಠ. ಎಂತಹ ಉದಾರ ಹೃದಯದಲ್ಲಿಯೂ ಮುಚ್ಚಿದ ಕೋಣೆಯೊಂದು ಇರಬಹುದು. ಇದು ಅವರ ಸೋಲಿನ ಪಾಠ. ಪೂಜೆಯ ಭಾಷೆ ಯಾವುದು, ಮುಂದಿನ ಸಾಲಿನಲ್ಲಿ ಕೂರುವವರು ಯಾರು, ಸಮಿತಿಯಲ್ಲಿ ಯಾವ ಕೇರಿಯವರು ಎಂಬ ವಾದಗಳ ನಡುವೆ, ಇವರಿಂದ ಆಗದು ಎಂದು ನಾವು ಯಾರನ್ನೋ ಬಾಗಿಲ ಹೊರಗೇ ನಿಲ್ಲಿಸಿರಬಹುದು. ಗುರುವಾಗಿ ನಾನೂ ಆ ತಪ್ಪು ಮಾಡಿದ್ದೇನೆ. ನಿನ್ನೆ ಮೊನ್ನೆ ಕೂಲಿಗಾಗಿ ಊರಿಗೆ ಬಂದ ಕುಟುಂಬದ ಮಗು ನಾಳೆ ಈ ಪೀಠದಲ್ಲಿ ಬಲಿಪೂಜೆ ಅರ್ಪಿಸುವ ಗುರುವಾಗಬಹುದು. ನಮ್ಮ ದೇವಾಲಯದ ಎರಡನೆಯ ಶತಮಾನದ ದಫ್ತರದಲ್ಲಿ ಅಂತಹವರ ಹೆಸರುಗಳೂ ಬರೆಯಲ್ಪಡಲಿ ಎಂದು ಪ್ರಭು ಕ್ರಿಸ್ತರಲ್ಲಿ ಪ್ರಾರ್ಥಿಸುತ್ತೇನೆ.