ಮಹಾಮಾರಿಯ ಎದುರು ಹಾಫ್‌ಕಿನ್

ಮುಂಬಯಿಯ ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರನ್ನು ಕೇಳಿದವರು ಅನೇಕರು. ಆ ಹೆಸರಿನ ವಿಜ್ಞಾನಿ ತಾನು ಮಾಡದ ತಪ್ಪಿನ ಅಪವಾದವನ್ನು ಐದು ವರ್ಷ ಹೊತ್ತು ನಡೆದನೆಂಬುದನ್ನು ಬಲ್ಲವರು ವಿರಳ.

ವಾಲ್ಡೆಮಾರ್ ಹಾಫ್‌ಕಿನ್ನರು 1860ರಲ್ಲಿ ಒಡೆಸ್ಸಾ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುಗಳಾಗಿ ದೊರೆತವರು ಮೆಚ್ನಿಕೋವರು. ಮತಾಂತರಗೊಂಡಿದ್ದರೆ ರಷ್ಯದಲ್ಲಿಯೇ ಉದ್ಯೋಗ ದೊರೆಯುತ್ತಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. ಸ್ವದೇಶವನ್ನು ತೊರೆದು 1889ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯನ್ನು ಸೇರಿದಾಗ ಅವರಿಗೆ ಸಿಕ್ಕಿದ್ದು ಗ್ರಂಥಪಾಲಕನ ಕೆಲಸ. ಬಿಡುವಿನಲ್ಲಿ ಪ್ರಯೋಗ ನಡೆಸಿ ಕಾಲರಾ ಲಸಿಕೆಯನ್ನು ಸಿದ್ಧಗೊಳಿಸಿದರು. 1892ರ ಜುಲೈ 18ರಂದು ಮೊದಲು ಚುಚ್ಚಿಕೊಂಡದ್ದು ತಮ್ಮ ಮೈಗೇ.

ಕಾಲರಾದ ನೆಲೆವೀಡನ್ನು ಅರಸಿ 1893ರಲ್ಲಿ ಭಾರತಕ್ಕೆ ಬಂದರು. ಎರಡು ವರ್ಷಗಳಲ್ಲಿ ಸುಮಾರು 42,000 ಮಂದಿಗೆ ಲಸಿಕೆ ಹಾಕಿದರು. 1896ರಲ್ಲಿ ಮುಂಬಯಿಗೆ ಪ್ಲೇಗು ನುಗ್ಗಿದಾಗ ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು. ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಕೋಣೆಯಲ್ಲಿ, ಬೆರಳೆಣಿಕೆಯ ಸಹಾಯಕರೊಡನೆ ಕೆಲಸ ಆರಂಭವಾಯಿತು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ ಪ್ಲೇಗಿನ ಅಣುಜೀವಿಗಳು ಅವುಗಳಿಂದ ಬಿಳಲುಗಳಂತೆ ಜೋತು ಬೆಳೆಯುತ್ತವೆಂಬುದನ್ನು ಅವರು ಕಂಡುಕೊಂಡರು. ಹಾಗೆ ಬೆಳೆದವನ್ನು ಕಾಯಿಸಿ ಕೊಂದರೆ ಲಸಿಕೆ ಸಿದ್ಧ. 1897ರ ಜನವರಿ 10ರಂದು ಮತ್ತೆ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿದರು. ಬಳಿಕ ಬೈಕುಲ್ಲಾ ಜೈಲಿನಲ್ಲಿ ತಾವಾಗಿ ಮುಂದೆ ಬಂದ ಕೈದಿಗಳಿಗೆ ಅದನ್ನು ಚುಚ್ಚಲಾಯಿತು. 1898ರಲ್ಲಿ ಪ್ಲೇಗು ಹೊಕ್ಕ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಈ ಮದ್ದಿನ ಆಸರೆ ಪಡೆದರು.

ಕೀರ್ತಿ ಹೀಗೆ ಬೆಳೆಯುತ್ತಿರುವಾಗಲೇ ಸಿಡಿಲೆರಗಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಮಡಿದರು. ಉಳಿದ 88 ಮಂದಿಗೆ ಕೇಡು ತಟ್ಟಲಿಲ್ಲ. ಹಾಫ್‌ಕಿನ್ನರು ತಯಾರಿಕೆಯಲ್ಲಿ ಕಾರ್ಬಾಲಿಕ್ ಆಮ್ಲವನ್ನು ಬಿಟ್ಟಿದ್ದರು. ವಿಷ ಪ್ರಯೋಗಶಾಲೆಯಲ್ಲಿಯೇ ಸೇರಿತೆಂದು ವಿಚಾರಣಾ ಆಯೋಗ ನಿರ್ಣಯಿಸಿತು. ಅಧಿಕಾರ ಕೈತಪ್ಪಿತು.

ಆದರೆ ಸಾಕ್ಷ್ಯಗಳ ನಡುವೆಯೇ ಸತ್ಯ ಅಡಗಿತ್ತು. ಸೀಸೆಯ ಬಿರಡೆಯನ್ನು ತೆಗೆಯುವ ಚಿಮುಟವು ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆ ಮತ್ತೆ ಬಳಸಲಾಗಿತ್ತು. ಧನುರ್ವಾಯುವಿನ ಬೀಜ ಇರುವುದು ಮಣ್ಣಿನಲ್ಲಿ. ಈ ಸೂಕ್ಷ್ಮವನ್ನು ಎತ್ತಿಹಿಡಿದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಅದೇ ವರ್ಷ ಸರ್ಕಾರ ಹಾಫ್‌ಕಿನ್ನರನ್ನು ದೋಷಮುಕ್ತರನ್ನಾಗಿಸಿ ಪುನಃ ಸೇವೆಗೆ ಕರೆಯಿತು.

ಅವರು ಕಲ್ಕತ್ತೆಗೆ ಹಿಂದಿರುಗಿದರು. ಆದರೆ ತಾವೇ ಕಟ್ಟಿದ ಪ್ರಯೋಗಶಾಲೆಯ ಹಿರಿತನ ಮರಳಿ ಬರಲಿಲ್ಲ. ಹಿಂದಿನ ಉತ್ಸಾಹವೂ ಮರಳಲಿಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಭಾರತವನ್ನು ಬಿಟ್ಟರು. 1925ರಲ್ಲಿ ಪರೇಲಿನ ಪ್ರಯೋಗಶಾಲೆಗೆ ಅವರ ಹೆಸರಿಡಲಾಯಿತು. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ಅವರು ತೀರಿಕೊಂಡರು.

ಲಸಿಕೆಯ ಸತ್ತ್ವವನ್ನು ಹಾಫ್‌ಕಿನ್ನರು ತಮ್ಮ ರಕ್ತದಲ್ಲಿಯೇ ಪರೀಕ್ಷಿಸಿದರು. ತಮ್ಮ ನಿರ್ದೋಷಿತ್ವಕ್ಕೆ ಮಾತ್ರ ಇತರರ ಸಾಕ್ಷಿಗಾಗಿ ಕಾಯಬೇಕಾಯಿತು. ನ್ಯಾಯವೇನೋ ದೊರೆಯಿತು. ಕಳೆದುಹೋದ ಐದು ವರ್ಷಗಳನ್ನು ತಂದುಕೊಡುವುದು ಯಾವ ಸರ್ಕಾರಕ್ಕೆ ಸಾಧ್ಯ?