ರಾಕೆಟ್ಟಿನ ಲೆಕ್ಕ ಬರೆದ ಕಿವುಡ ಹುಡುಗ

ರಂಜಾನ್ ತಿಂಗಳ ಸಂಜೆ ಪುಲಿಕೇಶಿನಗರದ ಮಾಸ್ಕ್ ರೋಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನನ್ನ ಪಿ.ಜಿ. ಇರುವುದು ಅದರ ಹಿಂದಿನ ಓಣಿಯಲ್ಲಿ. ಗದ್ದಲ ಹೆಚ್ಚಾದಾಗ ಉಳಿದವರು ಕಿಟಕಿ ಮುಚ್ಚುತ್ತಾರೆ, ನಾನು ಕಿವಿಯ ಮಷೀನು ತೆಗೆದಿಡುತ್ತೇನೆ. ಎಂಟನೇ ವಯಸ್ಸಿನಲ್ಲಿ ಬಂದ ಜ್ವರದ ನಂತರ ನನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಈ ಮಷೀನು ಮಾತನ್ನಷ್ಟೇ ಅಲ್ಲ, ಫ್ಯಾನಿನ ಸದ್ದನ್ನೂ ಬೆಂಚು ಎಳೆಯುವ ಸದ್ದನ್ನೂ ದೊಡ್ಡದು ಮಾಡುತ್ತದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ತುಟಿಯೂ ಕಾಣದು. ನನ್ನ ಪಾಲಿಗೆ ಪಾಠ ಅಲ್ಲಿಗೆ ಮುಗಿಯಿತು.

ಮೂರನೇ ಸೆಮಿಸ್ಟರಿನಲ್ಲಿ ಎರಡು ಸಬ್ಜೆಕ್ಟು ಹೋದವು. ಜೋಕು ಕೇಳಿಸದೆಯೂ ಎಲ್ಲರ ಜೊತೆ ನಕ್ಕು ಸಾಕಾಗಿ ಕ್ಯಾಂಟೀನಿಗೆ ಹೋಗುವುದನ್ನು ಬಿಟ್ಟೆ. ಆಮೇಲೆ ಕ್ಲಾಸು, ಆಮೇಲೆ ಊಟ. ಬೇಸರವಾದರೆ ಈ ನಂಬರಿಗೆ ಕರೆ ಮಾಡಿ ಎಂಬ ಪೋಸ್ಟರ್ ಕಾಲೇಜಿನ ಗೋಡೆಯ ಮೇಲಿತ್ತು. ಕರೆ ಮಾಡಿದರೆ ಅವರು ಹೇಳಿದ್ದು ನನಗೆ ಕೇಳಿಸಬೇಕಲ್ಲ!

ಆ ದಿನಗಳಲ್ಲಿ ಪುಸ್ತಕವೊಂದರಲ್ಲಿ ರಾಕೆಟ್ ಸಮೀಕರಣದ ಜೊತೆ ಒಂದು ಹೆಸರು ಕಂಡಿತು: ಕಾನ್‌ಸ್ಟಾಂಟಿನ್ ತ್ಸಿಯೊಲ್ಕೊವ್‌ಸ್ಕಿ. ಹುಡುಕಿ ಓದಿದೆ.

ಹುಟ್ಟಿದ್ದು 1857ರಲ್ಲಿ, ರಷ್ಯಾದ ಇಝೆವ್‌ಸ್ಕೊಯೆ ಎಂಬ ಹಳ್ಳಿಯಲ್ಲಿ. ಹತ್ತರ ಆಸುಪಾಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವಿ ಬಹುಪಾಲು ಹೋಯಿತು. ಅಕ್ಷರ ಕಲಿಸಿದ ತಾಯಿ 1870ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ಮೇಷ್ಟ್ರ ಮಾತು ಕೇಳಿಸದೆ ಹುಡುಗ ಹಿಂದೆ ಬಿದ್ದ, ಕೊನೆಗೆ ಶಾಲೆಯೇ ತಪ್ಪಿತು. ಆ ವರ್ಷಗಳನ್ನು ಬದುಕಿನ ಅತಿ ಕತ್ತಲಿನ ಕಾಲ ಎಂದೇ ಮುಂದೆ ಅವರು ನೆನೆದುಕೊಂಡರು. ಅದನ್ನು ಓದಿದಾಗ ನನ್ನ ಮೂರನೇ ಸೆಮಿಸ್ಟರ್ ನೆನಪಾಯಿತು.

1873ರಲ್ಲಿ ತಂದೆ ಮಗನನ್ನು ಮಾಸ್ಕೋಗೆ ಕಳಿಸಿದರು. ಅಲ್ಲಿ ಅವನು ಯಾವ ಕಾಲೇಜಿಗೂ ಸೇರಲಿಲ್ಲ. ಮೂರು ವರ್ಷ ಚೆರ್ಟ್‌ಕೋವ್ ಗ್ರಂಥಾಲಯದಲ್ಲಿ ಕೂತು ಗಣಿತ, ಭೌತವಿಜ್ಞಾನ ಓದಿದ. ಮನೆಯಿಂದ ಬರುತ್ತಿದ್ದ ಪುಡಿಗಾಸು ಪುಸ್ತಕಕ್ಕೂ ಪ್ರಯೋಗಕ್ಕೂ ಹೋಗಿ, ಹೊಟ್ಟೆಗೆ ಕಪ್ಪು ಬ್ರೆಡ್ ಮಾತ್ರ ಉಳಿಯುತ್ತಿತ್ತು. ಅಲ್ಲಿನ ಗ್ರಂಥಪಾಲಕ ನಿಕೊಲಾಯ್ ಫ್ಯೊದೊರೊವ್ ಆ ಹುಡುಗನನ್ನು ಗಮನಿಸಿ ಬೇಕಾದ ಪುಸ್ತಕ ತಂದುಕೊಟ್ಟರು. ಪುಸ್ತಕ ಓದುವುದಕ್ಕೆ ಕಿವಿ ಬೇಕಿರಲಿಲ್ಲ.

1879ರಲ್ಲಿ ಖಾಸಗಿಯಾಗಿ ಶಿಕ್ಷಕರ ಪರೀಕ್ಷೆ ಪಾಸು ಮಾಡಿದರು. ಮರುವರ್ಷ ಬೊರೊವ್‌ಸ್ಕ್‌ನಲ್ಲಿ ಲೆಕ್ಕದ ಮೇಷ್ಟ್ರಾದರು, 1892ರಲ್ಲಿ ಕಲುಗಾಕ್ಕೆ ಬಂದರು. ತಗಡಿನಲ್ಲಿ ತಾವೇ ಮಾಡಿಕೊಂಡ ಕೊಳವೆಯನ್ನು ಕಿವಿಗೆ ಹಿಡಿದು ಎದುರಿನವರ ಮಾತು ಕೇಳಿಸಿಕೊಳ್ಳುತ್ತಿದ್ದರು. ರಾಕೆಟ್ಟಿನ ಬಗೆಗಿನ ಅವರ ಪ್ರಸಿದ್ಧ ಲೇಖನ ಅಚ್ಚಾದದ್ದು 1903ರಲ್ಲಿ. ರಾಕೆಟ್ ಎಷ್ಟು ವೇಗ ಪಡೆಯಬಲ್ಲದು ಎಂಬುದು ಅನಿಲ ಹೊರಚಿಮ್ಮುವ ವೇಗದ ಮೇಲೆ, ಇಂಧನ ಉರಿಯುವ ಮೊದಲಿನ ಮತ್ತು ನಂತರದ ತೂಕಗಳ ಅನುಪಾತದ ಮೇಲೆ ನಿಂತಿದೆ ಎಂಬುದೇ ಆ ಲೆಕ್ಕ. ನಮ್ಮ ಪಿಎಸ್‌ಎಲ್‌ವಿ ನಾಲ್ಕು ಹಂತಗಳಲ್ಲಿ ಏರುತ್ತಾ ಖಾಲಿಯಾದ ಭಾರವನ್ನು ಕಳಚಿಕೊಳ್ಳುವುದೂ ಇದೇ ಕಾರಣಕ್ಕೆ. 1935ರಲ್ಲಿ ಅವರು ತೀರಿಕೊಂಡರು. ಚಂದ್ರನ ಆಚೆ ಬದಿಯ ಒಂದು ಕುಳಿಗೆ ಅವರ ಹೆಸರಿದೆ.

ಇದನ್ನು ಕಿವುಡುತನವನ್ನು ಗೆದ್ದ ವೀರನ ಕಥೆ ಎಂದು ಹೇಳಿ ಮುಗಿಸಬಹುದು. ನನಗೆ ಮನಸ್ಸು ಬರುವುದಿಲ್ಲ. ಮಾಸ್ಕೋದಲ್ಲಿ ಓದುತ್ತಿದ್ದ ಅವರ ಮಗ ಇಗ್ನಾತಿ 1902ರಲ್ಲಿ ತನ್ನ ಜೀವ ತಾನೇ ಕಳೆದುಕೊಂಡ. ಬುದ್ಧಿ, ಹಟ ಇದ್ದಮಾತ್ರಕ್ಕೆ ಕತ್ತಲು ಮನೆಯೊಳಗೆ ಬರುವುದಿಲ್ಲ ಎಂದೇನೂ ಇಲ್ಲ. ತ್ಸಿಯೊಲ್ಕೊವ್‌ಸ್ಕಿ ಉಳಿದದ್ದು ಹಟದಿಂದ ಮಾತ್ರವಲ್ಲ. ಅಕ್ಷರ ಕಲಿಸಿದ ತಾಯಿ, ಕಾಸು ಕಳಿಸಿದ ತಂದೆ, ಪುಸ್ತಕ ತಂದಿಟ್ಟ ಗ್ರಂಥಪಾಲಕ, ಹೀಗೆ ಒಬ್ಬೊಬ್ಬರು ಒಂದೊಂದು ಕಡೆ ಕೈ ಹಿಡಿದಿದ್ದರು.

ಈಗ ನಮಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಸರ್ಕಾರಿ ಕೆಲಸದಲ್ಲಿ ಶೇ 4ರಷ್ಟು ಮೀಸಲಾತಿ, ಅದರಲ್ಲಿ ಶೇ 1 ಕಿವಿ ಕೇಳಿಸದವರಿಗೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇ 5ರಷ್ಟು ಸೀಟುಗಳೂ ಅಂಗವಿಕಲರಿಗೆ ಮೀಸಲು. ಆದರೆ ಸೀಟು ಸಿಕ್ಕ ಮೇಲೆ ನಮ್ಮ ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಕಾಯ್ದೆ ಬರೆಯಲಾರದು.

ನನ್ನ ಪಕ್ಕದಲ್ಲಿ ಒಬ್ಬ ಕೂತ. ಲ್ಯಾಬಿನ ಜೊತೆಗಾರ. ನಾನು ಎರಡು ವಾರ ಬರದಿದ್ದಾಗ ಫೋನ್ ಮಾಡದೆ ಮೆಸೇಜ್ ಹಾಕಿದ, ಸಂಜೆ ಪಿ.ಜಿ.ಗೇ ಬಂದ. ಅಂದು ರಾತ್ರಿ ಅಕ್ಕನಿಗೆ ಎಲ್ಲವನ್ನೂ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ಅವಳು ನನ್ನ ಜೊತೆ ಮನೋವೈದ್ಯರ ಹತ್ತಿರ ಬಂದಳು, ಅವರು ಹೇಳಿದ್ದನ್ನೆಲ್ಲ ಹಾಳೆಯಲ್ಲಿ ಬರೆದು ತೋರಿಸಿದಳು. ಎರಡು ಬ್ಯಾಕ್‌ಲಾಗ್‌ಗಳಲ್ಲಿ ಒಂದು ಪಾಸಾಗಿದೆ. ಇನ್ನೊಂದಕ್ಕೆ ಓದುತ್ತಿದ್ದೇನೆ.

ನಿಮ್ಮ ಕ್ಲಾಸಿನಲ್ಲೂ ಕಿವಿ ಕೇಳಿಸದವರು ಒಬ್ಬರಿರಬಹುದು. ಮಾತಾಡುವಾಗ ಅವರ ಕಡೆ ಮುಖ ಮಾಡಿ. ಮೇಷ್ಟ್ರು ಬಾಯಲ್ಲಿ ಹೇಳಿದ ಪರೀಕ್ಷೆಯ ದಿನಾಂಕವನ್ನು ಗ್ರೂಪಿನಲ್ಲೂ ಹಾಕಿ. ಎಲ್ಲರೂ ನಕ್ಕಾಗ ಯಾಕೆ ನಕ್ಕಿರಿ ಎಂದು ಅವರು ಕೇಳಿದರೆ, ಬಿಡು ಎನ್ನಬೇಡಿ. ಆ ಜೋಕನ್ನು ಇನ್ನೊಮ್ಮೆ ಹೇಳಿ.